ಇಬ್ಬರಿಗೂ ಒಂದೇ ಎಳನೀರು

ನಮ್ಮ ಚಿಕ್ಕಮ್ಮನಿಗೆ ವರ್ಷಕ್ಕೆ ಎರಡು ಮೂರು ಸಲ ಉರಿಮೂತ್ರ. ಚಿಕ್ಕಪ್ಪನಿಗೆ ಹೋದ ವರ್ಷ ಮೂತ್ರ ಕೆಂಪಾಗಿ ಹೋಯಿತು, ನೋವಿಲ್ಲ, ಉರಿಯಿಲ್ಲ. ಮನೆಯಲ್ಲಿ ಇಬ್ಬರಿಗೂ ಒಂದೇ ತೀರ್ಪು: ಉಷ್ಣ ಆಗಿದೆ. ಎಳನೀರು, ಬಾರ್ಲಿ ನೀರು, ಮುಗೀತು.

ಎಳನೀರು ಕುಡೀಲಿ, ಬೇಡ ಅನ್ನಲ್ಲ. ಆದರೆ ಒಳಗೆ ನಡೀತಿರೋದು ಬೇರೆಯೇ ಕಥೆ.

ಮೂತ್ರಕೋಶ ಅಂದರೆ ಸುಮ್ನೆ ಒಂದು ಚೀಲ ಅಂದುಕೊಂಡಿದ್ದೆ. ಅದರ ಒಳಪದರದ ಮೇಲ್ಮೈಯಲ್ಲಿ ಕೊಡೆ ಬಿಚ್ಚಿದ ಹಾಗೆ ಹರಡಿಕೊಂಡ ದೊಡ್ಡ ಕೋಶಗಳಿವೆ. ಹಂಚಿನ ಮಾಡಿನ ಥರ ಅವುಗಳ ಮೇಲೆ ಯೂರೋಪ್ಲಾಕಿನ್ ಅನ್ನೋ ಪ್ರೋಟೀನಿನ ಗಟ್ಟಿ ಹೊದಿಕೆ. ಹೊಲಸು ನೀರು ಗಂಟೆಗಟ್ಟಲೆ ನಿಂತರೂ ಒಳಗೆ ಇಳಿಯಲ್ಲ. ಆದರೆ ಉರಿಮೂತ್ರ ತರೋ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಕಳ್ಳ ಹಿಡಿದುಕೊಳ್ಳೋದೂ ಅದೇ ಹಂಚನ್ನೇ. ಅದರ ಮೈಮೇಲಿನ ಎಳೆಗಳ ತುದಿಯಲ್ಲಿ ಕೊಕ್ಕೆಯಂಥದ್ದು ಇದೆ, ಅದು ಯೂರೋಪ್ಲಾಕಿನ್ ಮೇಲಿನ ಸಕ್ಕರೆಗೆ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೇ ಕಿಡ್ನಿ ಮೊದಲೇ ಒಂದು ಮೋಸದ ಪ್ರೋಟೀನನ್ನು ಮೂತ್ರದಲ್ಲಿ ತೇಲಿಬಿಟ್ಟಿರುತ್ತೆ. ಕೊಕ್ಕೆ ಅದಕ್ಕೆ ಸಿಕ್ಕಿದರೆ ಕಳ್ಳ ಹರಿದುಕೊಂಡು ಹೊರಗೆ.

ತಪ್ಪಿಸಿಕೊಂಡು ಒಳಗೆ ಹೊಕ್ಕಿತು ಅನ್ನಿ. ಆಗ ಆ ಕೋಶವೇ ಗೋಡೆಯಿಂದ ಕಳಚಿ ಬೀಳುತ್ತೆ, ಕಳ್ಳನ ಸಮೇತ! ಅಡಿಯಿಂದ ಹೊಸ ಕೋಶಗಳು ಬೇಗ ಬೇಗ ಬೆಳೆದು ಜಾಗ ತುಂಬುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಾ ಕೆಳಪದರದಲ್ಲಿ ಸದ್ದಿಲ್ಲದೆ ಅವಿತು ಕೂರುತ್ತವೆ. ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಮೂರನೇ ದಿನ ಉರಿ ನಿಂತಿತು ಅಂತ ಮಾತ್ರೆ ಅರ್ಧಕ್ಕೆ ಬಿಡೋ ನಮ್ಮ ಚಿಕ್ಕಮ್ಮನ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ.

ಚಿಕ್ಕಪ್ಪಂದು ಬೇರೆ. ನಲವತ್ತು ವರ್ಷದ ಬೀಡಿ. 'ಬೀಡಿ ಶ್ವಾಸಕೋಶಕ್ಕೆ ತಾನೇ, ಇಲ್ಲಿಗೇನು ಸಂಬಂಧ?' ಅಂತ ಅವರ ವಾದ. ಹೊಗೆಯ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ ಬಂದು ಮೂತ್ರಕೋಶದಲ್ಲೇ ಗಂಟೆಗಟ್ಟಲೆ ನಿಲ್ಲುತ್ತೆ. ಕೀಟಾಣುವನ್ನು ಉದುರಿಸೋ ಪದರ ಇದಕ್ಕೆ ಸೋತುಬಿಡುತ್ತೆ. ನೋವಿಲ್ಲದ ಕೆಂಪು ಮೂತ್ರಕ್ಕೆ ನಾಲ್ಕು ತಿಂಗಳು ಎಳನೀರು ಕುಡಿದರು. ಕೊನೆಗೆ ನೋಡಿದರೆ ಮೂತ್ರಕೋಶದ ಕ್ಯಾನ್ಸರ್. ಪುಣ್ಯಕ್ಕೆ ಗಡ್ಡೆ ಸ್ನಾಯುವಿಗೆ ಇಳಿದಿರಲಿಲ್ಲ, ಕೆರೆದು ತೆಗೆದರು.

ಆಮೇಲಿನ ಔಷಧಿ ಕೇಳಿ ನಾನೇ ನಂಬಲಿಲ್ಲ: ಬಿಸಿಜಿ. ಹೌದು, ತೋಳಿನ ಮೇಲೆ ಕಲೆ ಬಿಡೋ ಅದೇ ಕ್ಷಯದ ಲಸಿಕೆ. ಜೀವಂತ ಬ್ಯಾಕ್ಟೀರಿಯಾವನ್ನು ನಳಿಗೆಯಲ್ಲಿ ಮೂತ್ರಕೋಶಕ್ಕೆ ತುಂಬುತ್ತಾರೆ. ಅಲ್ಲಿ ದೇಹದ ಕಾವಲುಪಡೆ ಎದ್ದು ಬರುತ್ತೆ, ಆ ಗದ್ದಲದಲ್ಲಿ ಉಳಿದ ಕ್ಯಾನ್ಸರ್ ಕೋಶಗಳೂ ಏಟು ತಿನ್ನುತ್ತವೆ. ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ 1976ರಲ್ಲಿ 9 ರೋಗಿಗಳ ಮೇಲೆ ಈ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ವಾರಕ್ಕೊಂದರಂತೆ 6 ಸಲ. ಯಾಕೆ ಆರು? ಲಸಿಕೆಯ ಪೆಟ್ಟಿಗೆಯಲ್ಲಿ ಆರೇ ಬಾಟಲಿ ಇದ್ದವಂತೆ! ಇವತ್ತಿಗೂ ಶುರುವಿನ ಸುತ್ತಿನ ಲೆಕ್ಕ ಅದೇ.

ತುಂಬಿದ ಮೇಲೆ ಎರಡು ಗಂಟೆ ಮೂತ್ರ ತಡ್ಕೋಬೇಕು. ಮೊದಲ ವಾರ ಫೋನ್ ಮಾಡಿ ಹೇಗಿದೀರಿ ಅಂದೆ. "ದೋಸೆ ಮಗುಚಿದ ಹಾಗೆ ಎಡಕ್ಕೆ ಬಲಕ್ಕೆ ಹೊರಳ್ತಾ ಇದೀನಿ ಕಣೋ, ಇನ್ನೂ ನಲವತ್ತು ನಿಮಿಷ ಇದೆ, ಫೋನ್ ಇಡು" ಅಂದರು.