ಓಡುವಾಗ ಕಿವಿ ನೋವೇ? ಎಣ್ಣೆ ಬಿಡುವ ಮುಂಚೆ ಇದನ್ನು ಓದಿ

"ಓಡುವಾಗ ಕಿವಿ ನೋಯುತ್ತಿದೆಯೇ? ಮೆದುಳಿನ ನರ ಒಡೆಯುವ ಸೂಚನೆ! ಕೂಡಲೇ ಬಿಸಿ ಬೆಳ್ಳುಳ್ಳಿ ಎಣ್ಣೆ ಬಿಡಿ." ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಸುಮ್ನೆ ಹೆದರಿಸುವ ಮಾತು.

ಜಾಸ್ತಿ ಸಲ ಕಾರಣ ಚಳಿ ಗಾಳಿ. ಕಿವಿಯ ಕೊಳವೆ ಸುಮಾರು 2.5 ಸೆಂಟಿಮೀಟರ್ ಉದ್ದ. ಒಳಭಾಗದಲ್ಲಿ ಚರ್ಮ ತೀರಾ ತೆಳು, ಅದರಡಿಯಲ್ಲೇ ಮೂಳೆ. ಜನವರಿಯ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡಿದರೆ ಚುರ್ ಅನ್ನದೇ ಇರುತ್ತದೆಯೇ? ಕಿವಿ ಮುಚ್ಚುವ ಟೋಪಿ ಹಾಕಿ ನೋಡಿ.

ಇನ್ನೊಂದು ಕಾರಣ ದವಡೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ, ಕೀಲು ಅಲ್ಲಾಡುವುದು ಗೊತ್ತಾಗುತ್ತದೆ. ಜಿಮ್‌ನಲ್ಲಿ ಹಲ್ಲು ಕಚ್ಚಿ ಭಾರ ಎತ್ತಿದರೆ ಅಲ್ಲಿನ ನೋವು ಕಿವಿಯದೇ ಅನ್ನಿಸುತ್ತದೆ. ನೆಗಡಿಯಿದ್ದಾಗ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಯುಸ್ಟೇಷಿಯನ್ ನಾಳ ಕಟ್ಟಿಕೊಳ್ಳುತ್ತದೆ. ಒಳಗಿನ ಒತ್ತಡ ಸರಿಹೋಗದೆ ನೋಯುತ್ತದೆ. ಬಿಗಿಯಾದ ಇಯರ್‌ಬಡ್ ಕೂಡ ಸಾಕು.

ಎಣ್ಣೆ ಮಾತ್ರ ಬೇಡ. ಅಜ್ಜಿ ಕಾಲದಿಂದ ಬಿಡುತ್ತಿದ್ದೇವೆ ಅಲ್ವಾ ಅನ್ನಬಹುದು. ಆದರೆ ಬಿಸಿ ಎಣ್ಣೆ ಒಳಚರ್ಮ ಸುಡುತ್ತದೆ. ಕಿವಿಯ ತಮಟೆ ತೂತಾಗಿದ್ದರೆ ಅದರಾಚೆಯ ನಡುಗಿವಿಗೇ ಇಳಿಯುತ್ತದೆ.

ಕಿವಿ ಸೋರಿದರೆ, ಕೇಳಿಸುವುದು ಕಡಿಮೆಯಾದರೆ, ತಲೆ ಸುತ್ತಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಶ್ರಮಪಟ್ಟಾಗಲೆಲ್ಲ ದವಡೆ, ಕಿವಿ ನೋವಾಗಿ, ಕುಳಿತರೆ ಕಡಿಮೆಯಾಗುವುದು ಅಪರೂಪಕ್ಕೆ ಹೃದಯದ ತೊಂದರೆಯೂ ಆಗಿರಬಹುದು. ಹಾಗಿದ್ದರೆ ವ್ಯಾಯಾಮ ನಿಲ್ಲಿಸಿ, ಬೇಗ ವೈದ್ಯರನ್ನು ಕಾಣಿ. ಜೊತೆಗೆ ಎದೆ ಬಿಗಿತ, ಬೆವರು ಇದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.