ಸತ್ಯಾಂಶ: ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ನಾಯಿಯ ಕ್ಯಾನ್ಸರ್ ಗಡ್ಡೆ ಕರಗುವುದೇ?

‘ನಾಯಿಯ ಕ್ಯಾನ್ಸರ್‌ನಲ್ಲಿ ಸ್ಟೆಮ್ ಸೆಲ್ ಪತ್ತೆಯಾಗಿದೆ. ಇನ್ನು ಆಪರೇಷನ್ ಬೇಡ, ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದರೆ ಸಾಕು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೆಸರು ಒಂದೇ ಇದ್ದುದರಿಂದ ಎರಡು ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗಿವೆ.

ಕ್ಯಾನ್ಸರ್ ಕಾಂಡಕೋಶ (ಕ್ಯಾನ್ಸರ್ ಸ್ಟೆಮ್ ಸೆಲ್) ಎಂದರೆ ಔಷಧಿಯಲ್ಲ, ರೋಗದ್ದೇ ಭಾಗ. ಗಡ್ಡೆಯೊಳಗಿನ ಕೆಲವು ಕೋಶಗಳಿಗೆ ಗಡ್ಡೆಯನ್ನು ಮತ್ತೆ ಬೆಳೆಸುವ ಶಕ್ತಿಯಿರುತ್ತದೆ. ಹೊಲದ ಜೇಕನ್ನು ಮೇಲಷ್ಟೇ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದಲ್ಲ, ಹಾಗೆ. 1990ರ ದಶಕದಲ್ಲಿ ಕೆನಡಾದ ವಿಜ್ಞಾನಿ ಜಾನ್ ಡಿಕ್ ಅವರ ತಂಡ ಮನುಷ್ಯರ ರಕ್ತ ಕ್ಯಾನ್ಸರ್‌ನಲ್ಲಿ ಇಂಥ ಕೋಶಗಳನ್ನು ತೋರಿಸಿಕೊಟ್ಟಿತು. ನಾಯಿಗಳ ಮೂಳೆ ಕ್ಯಾನ್ಸರ್, ಕೆಚ್ಚಲಿನ ಗಡ್ಡೆಗಳಲ್ಲೂ ಇದೇ ಗುಣದ ಕೋಶಗಳು ಕಂಡಿವೆ. ಕೀಮೋಥೆರಪಿಗೆ ಇವು ಸುಲಭವಾಗಿ ಬಗ್ಗುವುದಿಲ್ಲ. ಗಡ್ಡೆ ಕುಗ್ಗಿದ ಮೇಲೂ ರೋಗ ಮರುಕಳಿಸಲು ಇದೂ ಒಂದು ಕಾರಣ ಎನ್ನುತ್ತಾರೆ ಸಂಶೋಧಕರು. ಇವನ್ನೇ ಗುರಿಯಿಟ್ಟು ಕೊಲ್ಲುವ ಔಷಧಿಯ ಹುಡುಕಾಟ ಇನ್ನೂ ನಡೆದಿದೆ.

ಸಂಧಿವಾತಕ್ಕೆಂದು ನಾಯಿಗಳಿಗೆ ಕೊಡುವ ಸ್ಟೆಮ್ ಸೆಲ್ ಇಂಜೆಕ್ಷನ್ ಬೇರೆಯೇ; ಅದರಲ್ಲಿರುವುದು ಕ್ಯಾನ್ಸರ್‌ನದ್ದಲ್ಲದ ಕಾಂಡಕೋಶಗಳು. ಕ್ಯಾನ್ಸರ್ ಗಡ್ಡೆಯನ್ನು ಅದು ಕರಗಿಸುವುದಿಲ್ಲ.

ನನ್ನನ್ನು ಕಾಡುವುದು ಆ ಸಂದೇಶವನ್ನು ನಂಬಿ ಕಳೆದುಹೋಗುವ ದಿನಗಳು. ಹೆಣ್ಣು ನಾಯಿಯ ಕೆಚ್ಚಲಲ್ಲಿ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕರೂ ಪಶುವೈದ್ಯರಿಗೆ ತೋರಿಸಿ. ಚಿಕ್ಕದಿರುವಾಗಲೇ ಪೂರ್ತಿ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು.