ಒಂದೇ ಸೈಕಲ್, ಎರಡು ಸಂಸಾರ

ಡಾಂಬರು ರಸ್ತೆಗೊಂದು, ಕಾಡುಹಾದಿಗೊಂದು ಎಂದು ಎರಡು ಸೈಕಲ್ ಇಟ್ಟುಕೊಳ್ಳುವ ಅನುಕೂಲವಿಲ್ಲದ ನನ್ನಂಥವರಿಗೆ ಅಂಗಡಿಯವರು ತೋರಿಸುವುದು ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ, ಬೆಲೆಯಲ್ಲಿ ಹಗುರವಾದ, ತೂಕದಲ್ಲಿ ಮಾತ್ರ ಯಾವ ಕೊರತೆಯನ್ನೂ ಮಾಡದ ಒಂದು ಮೌಂಟನ್ ಬೈಕನ್ನು. ‘ಇದು ಎರಡಕ್ಕೂ ಆಗುತ್ತದೆ’ ಎಂಬ ಅವರ ಮಾತಿನಲ್ಲಿ ಸುಳ್ಳಿಲ್ಲ. ಎರಡಕ್ಕೂ ಆಗುತ್ತದೆ, ಆದರೆ ಹೊರಟು ನಿಂತ ಹೊತ್ತಿನಲ್ಲಿ ಅದು ಯಾವುದಕ್ಕೆ ಸಿದ್ಧವಾಗಿದೆ ಎಂಬುದು ಬೇರೆಯೇ ಪ್ರಶ್ನೆ. ನಾನು ಕಂಡಂತೆ ಅದು ಸದಾ ಹಿಂದಿನ ಸವಾರಿಗೆ ಸಿದ್ಧವಾಗಿರುತ್ತದೆ.

ಎಲ್ಲ ರಗಳೆಯ ಮೂಲ ಟೈರಿನ ಗಾಳಿ. 2.25 ಇಂಚು ಅಗಲದ, ಮೈತುಂಬ ರಬ್ಬರಿನ ಹಲ್ಲುಗಳಿರುವ ಟೈರಿಗೆ ಕಾಡುಹಾದಿಯಲ್ಲಿ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನ ಗಾಳಿ ಇದ್ದರೆ ಅದು ಕಲ್ಲು ಬೇರುಗಳ ಮೇಲೆ ತುಸು ಚಪ್ಪಟೆಯಾಗಿ ನೆಲವನ್ನು ಹಿಡಿದುಕೊಳ್ಳುತ್ತದೆ. ಅದೇ ಗಾಳಿಯಲ್ಲಿ ಡಾಂಬರಿಗೆ ಇಳಿದರೆ ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆಯುತ್ತಿದ್ದಾರೆಂಬ ಸಂಶಯ ಬಂದು, ಕ್ಯಾರಿಯರೇ ಇಲ್ಲದ ಸೈಕಲ್ಲಿನ ಮೇಲೆ ಕುಳಿತು ಹಿಂತಿರುಗಿ ನೋಡುವಂತಾಗುತ್ತದೆ. ಸರಿ, ರಸ್ತೆಗೆಂದು 50ಕ್ಕೆ ಏರಿಸಿದರೆ ಮರುದಿನದ ಕಾಡುಹಾದಿಯಲ್ಲಿ ಪ್ರತಿ ಬೇರೂ ಸವಾರನನ್ನು ಆಸನದಿಂದ ಎಬ್ಬಿಸಿ ನಮಸ್ಕಾರ ಹೇಳುತ್ತದೆ. ಗಾಳಿ ಇಳಿಸುವುದೇನೋ ಸುಲಭ, ಉಗುರು ಸಾಕು. ಏರಿಸುವುದಕ್ಕೆ ಪಂಪು ಬೇಕು, ಪಂಪು ಮನೆಯಲ್ಲಿರುತ್ತದೆ.

ಗುಂಪಿನಲ್ಲಿ ರಸ್ತೆ ಸವಾರಿಗೆ ಹೋದಾಗ ನನ್ನ ಇರವನ್ನು ಯಾರೂ ತಿರುಗಿ ನೋಡಿ ಖಚಿತಪಡಿಸಿಕೊಳ್ಳಬೇಕಾಗಿಲ್ಲ, ಏಕೆಂದರೆ ಆ ಹಲ್ಲುಗಳು ಡಾಂಬರಿನ ಮೇಲೆ ಹೊರಡಿಸುವ ಗುಂಯ್‌ಗುಡುವ ನಾದ ಮುಂದಿನವರಿಗೆ ದೂರದಿಂದಲೇ ಕೇಳುತ್ತದೆ, ಮತ್ತು ಅದು ಕ್ಷೀಣಿಸತೊಡಗಿದಾಗ ನಾನು ಹಿಂದೆ ಬಿದ್ದೆನೆಂದು ಅವರು ತಿಳಿಯುತ್ತಾರೆ. ನನ್ನ ಹಿಂದೆ ಬರುವವರ ಪಾಡು ಇನ್ನೂ ವಿಚಿತ್ರ: ಹಲ್ಲುಗಳ ಸಂದಿಯಲ್ಲಿ ಒಣಗಿ ಕುಳಿತಿದ್ದ ಕಾಡಿನ ಮಣ್ಣು, ವೇಗ ಹೆಚ್ಚಿದಂತೆಲ್ಲ ಚೂರುಚೂರಾಗಿ ಅವರ ಕನ್ನಡಕದ ಮೇಲೆ ಸಿಡಿಯುತ್ತದೆ. ಇಳಿಜಾರಿನಲ್ಲಾದರೂ ಮುಂದಾಗೋಣವೆಂದರೆ ಅದಕ್ಕೂ ಒಂದು ಮಿತಿ ಇದೆ. ಪೆಡಲಿನ ಬಳಿಯ ಗೇರಿನಲ್ಲಿ 32 ಹಲ್ಲು, ಹಿಂದಿನ ಅತಿ ಚಿಕ್ಕ ಗೇರಿನಲ್ಲಿ 11 ಹಲ್ಲು ಇರುವ 29 ಇಂಚಿನ ಚಕ್ರದ ಸೈಕಲ್ಲಿನಲ್ಲಿ ನಿಮಿಷಕ್ಕೆ 90 ಬಾರಿ ಪೆಡಲು ಸುತ್ತಿದರೆ ಸಿಗುವ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಅದನ್ನು ಮೀರಿ ಬಹಳ ಮುಂದೆ ಹೋದ ಮೇಲೆ ಕಾಲುಗಳು ಕೇವಲ ಗಾಳಿಯನ್ನು ತುಳಿಯುತ್ತವೆ, ನೋಡುವವರಿಗೆ ಮಾತ್ರ ಮಹಾ ಶ್ರಮಜೀವಿಯ ದರ್ಶನವಾಗುತ್ತದೆ.

ಟೈರನ್ನೇ ಬದಲಿಸಿಕೊಳ್ಳಬಹುದಲ್ಲ ಎಂದು ತಿಳಿದವರು ಹೇಳುತ್ತಾರೆ, ಅದೂ ನಿಜವೇ. 29 ಇಂಚಿನ ಮೌಂಟನ್ ಬೈಕಿನ ರಿಮ್ಮಿಗೂ ರಸ್ತೆ ಸೈಕಲ್ಲಿನ 700ಸಿ ರಿಮ್ಮಿಗೂ ಟೈರು ಕೂರುವ ವ್ಯಾಸ ಒಂದೇ, 622 ಮಿಲಿಮೀಟರ್. ಆದ್ದರಿಂದ ರಿಮ್ಮಿನ ಅಗಲ ಒಪ್ಪಿದರೆ 40 ಮಿಲಿಮೀಟರಿನ ನುಣುಪಾದ ಟೈರು ಅದರ ಮೇಲೆ ಸುಖವಾಗಿ ಕೂರುತ್ತದೆ. ಸುಖ ಟೈರಿಗೆ, ಹೆಬ್ಬೆರಳಿಗಲ್ಲ. ಹಾಗೆ ಒಂದು ಸಂಜೆ ಪೂರ್ತಿ ಕೂತು ನುಣುಪು ಟೈರು ಏರಿಸಿ, ಅದರ ಮೇಲಿನ ಬಾಣದ ಗುರುತು ಹಿಂದುಮುಂದಾಗಿರುವುದು ಕೊನೆಯಲ್ಲಿ ಕಂಡು, ಮತ್ತೆ ಬಿಚ್ಚಿ ಕೂರಿಸಿದ ರಾತ್ರಿಯೇ ಮಳೆ ಸುರಿಯುತ್ತದೆ, ಮತ್ತು ಬೆಳಿಗ್ಗೆಯೇ ‘ಮಣ್ಣು ಹದವಾಗಿದೆ, ಕಾಡಿಗೆ ಹೋಗೋಣ’ ಎಂದು ಗೆಳೆಯರ ಕರೆ ಬರುತ್ತದೆ. ಒದ್ದೆ ಏರಿನಲ್ಲಿ ನುಣುಪು ಟೈರಿನ ಹಿಂಚಕ್ರ ನಿಂತಲ್ಲೇ ಗರಗರನೆ ತಿರುಗುವಾಗ ಮೇಲಿನ ಸವಾರ ಒಂದು ಕ್ಷಣ ಪ್ರತಿಮೆಯಂತಿದ್ದು, ಆಮೇಲೆ ಪಕ್ಕಕ್ಕೆ ಒರಗುತ್ತಾನೆ.

ಎರಡು ಜೊತೆ ಚಕ್ರ ಇಟ್ಟುಕೊಳ್ಳುವುದು ಇನ್ನೊಂದು ಸಲಹೆ. ಚಕ್ರದ ಜೊತೆಗೆ ಗೇರುಗಳ ಗೊಂಚಲು, ಬ್ರೇಕಿನ ತಟ್ಟೆ ಎಲ್ಲವೂ ಇನ್ನೊಂದೊಂದು ಬೇಕಾಗಿ, ಅಗ್ಗದ ಸೈಕಲ್ಲಿಗೆ ಅದರ ಸರೀಕರು ಬಂದು ಸೇರಿಕೊಂಡಂತಾಗುತ್ತದೆ. ಸಾಲದ್ದಕ್ಕೆ ಎರಡನೆಯ ಚಕ್ರದ ತಟ್ಟೆ ಕೂದಲೆಳೆಯಷ್ಟು ಸರಿದು ಕೂತಿದ್ದರೂ ಬ್ರೇಕು ದಾರಿಯುದ್ದಕ್ಕೂ ಕಿರ್ ಕಿರ್ ಎನ್ನುತ್ತದೆ.

ಹಿಂದಿನವರು ಎಲ್ಲ ಹಾದಿಯನ್ನೂ ಒಂದೇ ಸೈಕಲ್ಲಿನಲ್ಲಿ ತುಳಿಯಲಿಲ್ಲವೇ ಎಂದು ಸಮಾಧಾನ ಹೇಳುವವರೂ ಇದ್ದಾರೆ. ತುಳಿದರು, ಫ್ರಾನ್ಸಿನ ಸೈಕಲ್ ಪಂದ್ಯಪಟು ಎಜೆನ್ ಕ್ರಿಸ್ಟೋಫ್ ಕೂಡ ತುಳಿದ. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಟೂರ್ಮಾಲೆ ಕಣಿವೆಮಾರ್ಗದ ಒರಟು ಇಳಿಜಾರಿನಲ್ಲಿ ಅವನ ಸೈಕಲ್ಲಿನ ಮುಂಚಕ್ರವನ್ನು ಹಿಡಿದಿಡುವ ಫೋರ್ಕ್ ಮುರಿಯಿತು. ಸೈಕಲ್ಲನ್ನು ಹೊತ್ತು ಮೈಲಿಗಟ್ಟಲೆ ನಡೆದು, ಕೆಳಗಿನ ಹಳ್ಳಿಯ ಕುಲುಮೆಯಲ್ಲಿ, ಹೊರಗಿನವರ ನೆರವು ಪಡೆಯಬಾರದೆಂಬ ನಿಯಮವಿದ್ದುದರಿಂದ ತಾನೇ ಕೆಲಸಕ್ಕಿಳಿದು ಅದನ್ನು ಬೆಸೆದ. ಒಬ್ಬ ಹುಡುಗ ತಿದಿ ಒತ್ತಿದ ಎಂಬ ಕಾರಣಕ್ಕೆ ಅಧಿಕಾರಿಗಳು ಹತ್ತು ನಿಮಿಷದ ದಂಡ ಹಾಕಿದರು. ಕುಲುಮೆಯ ಗಾಳಿಗೇ ಲೆಕ್ಕ ಇಟ್ಟವರು ನನ್ನ ಟೈರಿನ ಗಾಳಿಗೆ ಏನು ವಿಧಿಸುತ್ತಿದ್ದರೋ!

ಆಸನದ ಎತ್ತರ, ಸಸ್ಪೆನ್ಷನ್ ಕುಣಿಯದಂತೆ ಬಿಗಿಯುವ ಬೀಗ ಇವೂ ಗಾಳಿಯ ದಾರಿಯನ್ನೇ ಹಿಡಿದಿವೆ: ರಸ್ತೆಯ ಏರಿನಲ್ಲಿ ಬೀಗ ತೆರೆದಿದ್ದು ಸೈಕಲ್ಲು ತಲೆದೂಗುತ್ತದೆ, ಕಾಡಿನ ಇಳಿಜಾರಿನಲ್ಲಿ ಬೀಗ ಬಿದ್ದಿದ್ದು ಹಲ್ಲುಗಳು ಕಟಕಟಿಸುತ್ತವೆ. ಈ ಬಾರಿ ರಬ್ಬರಿನ ಹಲ್ಲುಗಳಲ್ಲ, ನನ್ನವು.

ಸದ್ಯಕ್ಕೆ ನಡುವೆ ನುಣುಪಾಗಿ ಅಂಚಿನಲ್ಲಿ ಮಾತ್ರ ಹಲ್ಲಿರುವ ಟೈರು ಹಾಕಿಸಿದ್ದೇನೆ; ರಸ್ತೆಯವರು ಅದನ್ನು ಕಾಡಿನದೆಂದೂ ಕಾಡಿನವರು ರಸ್ತೆಯದೆಂದೂ ಏಕಕಂಠದಿಂದ ದೂರಿದ್ದಾರೆ. ಗಾಳಿಯ ಗೊಂದಲಕ್ಕಂತೂ ಹ್ಯಾಂಡಲಿಗೆ ಒಂದು ರಟ್ಟಿನ ಚೀಟಿ ಕಟ್ಟಿ, ಒಂದು ಮಗ್ಗುಲಿಗೆ ‘ರಸ್ತೆ’, ಇನ್ನೊಂದಕ್ಕೆ ‘ಕಾಡು’ ಎಂದು ಬರೆದಿಟ್ಟೆ. ಹೊರಡುವಾಗ ಚೀಟಿ ನೋಡಿದರೆ ಟೈರಿನ ಸ್ಥಿತಿ ತಿಳಿಯಬೇಕು. ಕಿಟಕಿ ತೆರೆದಿದ್ದರೆ ಅದು ತಾನಾಗಿಯೇ ಮಗ್ಗುಲು ಬದಲಿಸುತ್ತದೆ.